ಅರಿಶಿನ ಕೊಂಬು ಕಟ್ಟಿದ ಜೀಪು

ಯಾವ ವಿದ್ಯೆಯನ್ನೇ ಆಗಲಿ, ಕ್ರಮವಾಗಿ ಕಲಿತರೆ ತಪ್ಪಾಗಲು ಸಾಧ್ಯವೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಬಿ.ಕಾಂ. ಮುಗಿದಿತ್ತು. ಕೆಲಸ ಸಿಕ್ಕಿರಲಿಲ್ಲ. ಆದರೆ ದಿನಚರಿ ಇತ್ತು! ಎದ್ದ ಹೊತ್ತು, ಕುಡಿದ ಕಾಫಿ, ದೊಡ್ಡಪ್ಪನಿಂದ ಬೈಸಿಕೊಂಡ ಸಲ, ಎಲ್ಲಕ್ಕೂ ಅದರಲ್ಲಿ ಒಂದೊಂದು ಅಂಕಣ. ಎಂಬತ್ತರ ದಶಕದ ಒಂದು ಶಿವರಾತ್ರಿ ಕಳೆದ ಮೇಲೆ ಮುಳಬಾಗಿಲಿನ ನಮ್ಮ ಮನೆಯ ಮುಂದೆ ಹೊಚ್ಚಹೊಸ ಜೀಪು ಬಂದು ನಿಂತಾಗ, ನಾನು ಅಂದೇ ‘ಜೀಪು’ ಎಂದು ಹೊಸ ಅಂಕಣ ಎಳೆದು, ಅದರ ಕೆಳಗೆ ‘ಹದಿನೈದು ದಿನ ಸಾಕು’ ಎಂದು ಬರೆದೆ.

ಪೆನ್ಸಿಲಿನಲ್ಲಾದರೂ ಬರೆಯಬಾರದಿತ್ತೇ!

ಜೀಪು ದೊಡ್ಡಪ್ಪನದು. ಶ್ರೀನಿವಾಸಪುರದ ಕಡೆ ಅವರಿಗೊಂದು ಮಾವಿನ ತೋಟವಿತ್ತು. ತೋಟಕ್ಕೂ ರಸ್ತೆಗೂ ನಡುವೆ ಒಂದು ಕೆರೆ. ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ಎತ್ತಿನ ಗಾಡಿಗಳು ಅದರ ಮೇಲೇ ಹಾದುಹೋಗುತ್ತಿದ್ದವು. ಕಾರು, ವ್ಯಾನುಗಳ ಚಕ್ರ ಅಲ್ಲಿ ಹೂತುಹೋಗುತ್ತಿತ್ತು. ಅದಕ್ಕೆಂದೇ ಈ ಜೀಪು.

“ನಾಲ್ಕೂ ಚಕ್ರ ಎಳೆಯೋ ಗಾಡಿ ಕಣೋ ಇದು! ಬೆಟ್ಟ ಹತ್ತುತ್ತೆ, ಕೆಸರು ದಾಟುತ್ತೆ!” ಎಂದು ದೊಡ್ಡಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದರು.

ನಾನು ಕ್ರಮದ ಮನುಷ್ಯ. ಕೇಳಿದ್ದನ್ನು ಪರೀಕ್ಷಿಸದೆ ಒಪ್ಪುವವನಲ್ಲ. ಜೀಪು ಬೀದಿಯಲ್ಲಿ ಒಂದು ಸುತ್ತು ಬಂದಾಗ ಬಗ್ಗಿ ನೋಡಿದೆ. ನಾಲ್ಕೂ ಚಕ್ರ ತಿರುಗುತ್ತಿದ್ದವು. ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ದಿನಚರಿಯಲ್ಲಿ ಬರೆದೆ.

ಗಾಡಿ ತಂದುಬಿಟ್ಟ ಡ್ರೈವರು ಬೆಂಗಳೂರಿನ ಬಸ್ಸು ಹಿಡಿಯುವ ಅವಸರದಲ್ಲಿದ್ದ. ಗೇರಿನ ಉದ್ದ ರಾಡಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ರಾಡು ಇರುವುದನ್ನು ತೋರಿಸಿ, “ಇದನ್ನ ಸುಮ್ಮಸುಮ್ಮನೆ ಮುಟ್ಟಬೇಡಿ ಸಾರ್. ಕಷ್ಟ ಬಂದಾಗ ಮಾತ್ರ” ಎಂದವನೇ ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಈ ಮಾತು ಬಿದ್ದದ್ದು ಆರತಿ ತಟ್ಟೆ ಹಿಡಿದು ನಿಂತಿದ್ದ ದೊಡ್ಡಮ್ಮನ ಕಿವಿಗೆ. ಸುಮ್ಮನೆ ಮುಟ್ಟಬಾರದು, ಕಷ್ಟ ಬಂದಾಗ ಮಾತ್ರ! ಹಾಗಿರುವುದು ಜಗತ್ತಿನಲ್ಲಿ ಇನ್ನೇನಿದೆ? ದೊಡ್ಡಮ್ಮ ಎರಡನೇ ಯೋಚನೆ ಮಾಡಲಿಲ್ಲ. ಗಿಡ್ಡ ರಾಡಿನ ಗುಂಡು ತಲೆಗೆ ಕುಂಕುಮವಿಟ್ಟರು. ಅರಿಶಿನ ದಾರದಲ್ಲಿ ಅರಿಶಿನ ಕೊಂಬು ಕಟ್ಟಿದರು. ಒಂದು ಮೊಳ ಕನಕಾಂಬರ ಸುತ್ತಿದರು. ಜೀಪಿನ ಜೊತೆ ಬಂದಿದ್ದ ಪುಸ್ತಕಕ್ಕೂ ಪೂಜೆಯಾಗಿ ಅದು ದೇವರ ಮನೆ ಸೇರಿತು. ಮಡಿಯಿಲ್ಲದೆ ಮುಟ್ಟುವ ಹಾಗಿಲ್ಲ!

“ಮೊದಲ ಕೊಯ್ಲಿನ ಬುಟ್ಟಿ ಕುರುಡುಮಲೆ ಗಣಪತಿಗೆ ಒಪ್ಪಿಸೋವರೆಗೂ ಈ ದಾರ ಬಿಚ್ಚೋ ಹಾಗಿಲ್ಲ” ಎಂದು ದೊಡ್ಡಮ್ಮ ಸಾರಿದರು. “ಮತ್ತೆ ನಾಗೂ, ಚಪ್ಪಲಿ ಕಾಲು ತಗಲಿಸಿದ್ಯೋ, ಜೋಕೆ!”

ಇಷ್ಟರಲ್ಲಿ ನನ್ನ ಭವಿಷ್ಯದ ಮಾತು ಬಂತು. ನಮ್ಮಪ್ಪ ನನಗಾಗಿ ಮಾಲೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತೆ ಕೆಲಸ ಗೊತ್ತು ಮಾಡಿದ್ದರು. ದಿನವಿಡೀ ಹಂಚು ಎಣಿಸುವುದು. ಲೆಕ್ಕದಲ್ಲಿ ನನಗೆ ಪ್ರೀತಿಯಿದ್ದರೂ ಹಂಚಿನಲ್ಲಿ ಇರಲಿಲ್ಲ. ದೊಡ್ಡಪ್ಪ ದಾರಿ ತೋರಿಸಿದರು.

“ಮೊದಲ ಕೊಯ್ಲಿನ ದಿನ ಕೆರೆ ಮೇಲೇ ತೋಟಕ್ಕೆ ಹೋಗಿ, ಹಣ್ಣು ತುಂಬ್ಕೊಂಡು ವಾಪಸ್ ಕೆರೆ ಏರಿಗೆ ಹತ್ತಿಸು. ಕೀಲಿ ನಿನಗೇ, ತೋಟದ ಉಸ್ತುವಾರಿನೂ ನಿನಗೇ. ಆದ್ರೆ ಎಲ್ಲಾದ್ರೂ ಎತ್ತು ಕಟ್ಟಿ ಎಳೆಸಿದ್ಯೋ, ಕೀಲಿ ರಘೂಗೆ, ನೀನು ಮಾಲೂರಿಗೆ!”

ರಘು ಭಾವ ಎಂದರೆ ದೊಡ್ಡಪ್ಪನ ಅಳಿಯ. ಕೋಲಾರದಲ್ಲಿ ಸ್ಕೂಟರ್ ಇಟ್ಟುಕೊಂಡಿದ್ದವರು. ಮನೆಯೊಳಗೂ ಕಪ್ಪು ಕನ್ನಡಕ ಹಾಕುತ್ತಿದ್ದರು.

ನನಗೆ ಗುರು ಬೇಕಾಯಿತು. ನಂಗಲಿಯ ಮುನಿಯಪ್ಪ ಲಾರಿ ಡ್ರೈವರು. ಆತನ ಲಾರಿ ರಿಪೇರಿಗೆ ನಿಂತಿತ್ತು. ಮದ್ರಾಸಿನವರೆಗೆ ಕಣ್ಣು ಮುಚ್ಚಿ ಓಡಿಸುತ್ತೇನೆ ಎನ್ನುತ್ತಿದ್ದ. ಅವನ ಪಕ್ಕ ಕುಳಿತವರು ಅದು ನಿಜ ಎಂದೂ ಹೇಳುತ್ತಿದ್ದರು. ಅವನ ಬೋಧನೆಯೆಲ್ಲ ಒಂದೇ ಪದದ್ದು: “ತೊಕ್ಕು!” ತೆಲುಗಿನಲ್ಲಿ ತುಳಿ ಎಂದು. ಗಾಡಿ ಏರಲಿಲ್ಲವೇ? ತೊಕ್ಕು. ಇಳಿಯಲಿಲ್ಲವೇ? ತೊಕ್ಕು.

“ಮುನಿಯಪ್ಪ, ಆ ಗಿಡ್ಡ ರಾಡು ಯಾತಕ್ಕೆ?” ಎಂದು ಒಂದು ದಿನ ಕೇಳಿದೆ.

ಮುನಿಯಪ್ಪ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡ. “ಅಯ್ಯೋ ಸಾಮಿ, ದೇವುಡು ಅದು! ನಮ್ಮ ಲಾರೀಲಿ ಇಲ್ಲ, ನಮ್ಮ ಸೇಟು ಪೂಜೆಗೇ ದುಡ್ಡು ಬಿಚ್ಚಲ್ಲ. ನೀವು ತೊಕ್ಕಿ!”

ತೊಕ್ಕಿದೆ. ಮೊದಲ ವಾರದ ಲೆಕ್ಕ: ಎಂಜಿನ್ ನಿಂತದ್ದು, ಎಣಿಸುವುದನ್ನೇ ಬಿಟ್ಟೆ. ಬೇಲಿ, ಎರಡು. ತಿಪ್ಪೆ, ಒಂದು. ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಅಜ್ಜಿ ಶಾಪ ಹಾಕಿದ್ದು, ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ. ಆದರೂ ಒಣನೆಲದಲ್ಲಿ ಜೀಪು ಬಲು ಚೆನ್ನಾಗಿ ಓಡಿತು. ಕಲ್ಲು, ದಿಣ್ಣೆ, ಕಾಲುದಾರಿ, ಯಾವುದಕ್ಕೂ ಜಗ್ಗಲಿಲ್ಲ. ‘ನಾಲ್ಕು ಚಕ್ರದ ಶಕ್ತಿ ಸಂಪೂರ್ಣ ಕೈವಶವಾಗಿದೆ’ ಎಂದು ಷರಾ ಬರೆದೆ.

ಮೊದಲ ಕೊಯ್ಲಿನ ದಿನ ಬಂತು. ಹಿಂದಿನ ವಾರ ಒಂದು ಮಳೆ ಬಿದ್ದಿತ್ತು. ಕೆರೆಯಂಗಳದ ಮೇಲ್ಪದರ ಒಣಗಿ ಬಿರುಕು ಬಿಟ್ಟು, ನೋಡಲು ಹಪ್ಪಳದಂತಿತ್ತು. ದೊಡ್ಡಪ್ಪ ಕೊಡೆ ಹಿಡಿದು ಕೆರೆ ಏರಿಯ ಮೇಲೆ ತೀರ್ಪುಗಾರರಂತೆ ನಿಂತರು. ಪಕ್ಕದಲ್ಲಿ ಕಪ್ಪು ಕನ್ನಡಕದ ರಘು ಭಾವ. ನನ್ನ ಪಕ್ಕದ ಸೀಟಿನಲ್ಲಿ ದೊಡ್ಡಮ್ಮ, ದೇವರಿಗೆ ಚಪ್ಪಲಿ ತಗಲದಂತೆ ಕಾವಲಿಗೆ. ಹಿಂದೆ ಮುನಿಯಪ್ಪ.

ಹೋಗುವಾಗ ಜೀಪು ಹೂವಿನ ಮೇಲೆ ಓಡಿದಂತೆ ಓಡಿತು. ತೋಟದಲ್ಲಿ ಹುಲ್ಲು ಹಾಸಿದ ಬುಟ್ಟಿಗಳಲ್ಲಿ ಬಾದಾಮಿ ಮಾವು ತುಂಬಿಕೊಂಡೆವು. ಗಣಪತಿಯ ಬುಟ್ಟಿಗೆ ಮಾವಿನೆಲೆ ಕಟ್ಟಿ ಹಿಂದುಗಡೆಯ ತುದಿಗಿಟ್ಟೆವು. ಹಿಂದಿರುಗುವಾಗ ಅರ್ಧ ದಾರಿಯಲ್ಲಿ ನನಗೊಂದು ಆಲೋಚನೆ ಬಂತು. ಗಾಡಿಯ ಜಾಡಿನಲ್ಲೇ ಹೋದರೆ ಎತ್ತಿಗೂ ನನಗೂ ಏನು ವ್ಯತ್ಯಾಸ? ಭಾವ ನೋಡುತ್ತಿದ್ದಾರೆ! ಜಾಡು ಬಿಟ್ಟು ನೇರವಾಗಿ ಏರಿಯ ಕಡೆ ತಿರುಗಿಸಿ, ಒಂದು ಕೈ ಎತ್ತಿ ಬೀಸಿದೆ.

ಬೀಸಿದ ಕೈ ಇಳಿಸುವುದರೊಳಗೆ ಹಪ್ಪಳ ಮುರಿಯಿತು. ಜೀಪು ಕೂತಿತು.

“ತೊಕ್ಕು!” ಎಂದ ಮುನಿಯಪ್ಪ. ತೊಕ್ಕಿದೆ. ಇನ್ನೂ ಚೆನ್ನಾಗಿ ಕೂತಿತು.

ಅಲ್ಲೇ ಪಕ್ಕದಲ್ಲಿ ಸೌತೆ ಬೆಳೆದಿದ್ದ ವೆಂಕಟ್ರಮಣಪ್ಪ ತನ್ನ ಜೋಡಿ ಎತ್ತು ಹೊಡೆದುಕೊಂಡು, ಹಗ್ಗ ಹೆಗಲಿಗೆ ಹಾಕಿಕೊಂಡು, ಅವಸರವಿಲ್ಲದೆ ಬಂದ.

“ಏನ್ ಸ್ವಾಮಿ, ಕೆರೆ ಹೂಳು ತೆಗೆಯೋ ಕಂಟ್ರಾಕ್ಟು ನಿಮಗಾಯ್ತಾ?”

“ಎತ್ತು ಬೇಡ!” ಎಂದು ಕೂಗಿದೆ.

“ನಾನೆಲ್ಲಿ ಬೇಕಾ ಅಂದೆ? ನೋಡೋಕೆ ಬಂದ್ವಿ, ಮೂರು ಜನಾನೂ.”

“ಲೋ ನಾಗೂ, ಬಂದಿರೋ ಎತ್ತು ಕಟ್ಸೋ” ಎಂದರು ದೊಡ್ಡಮ್ಮ.

“ದೊಡ್ಡಮ್ಮಾ, ಎತ್ತು ಕಟ್ಟಿದ್ರೆ ನಾನು ಜೀವನಪೂರ್ತಿ ಹಂಚು ಎಣಿಸಬೇಕು!”

ಹಿಂದಿನ ಚಕ್ರಗಳ ಕೆಳಗೆ ಗೋಣಿ ಹಾಸಿದೆವು. ಚಕ್ರ ಗೋಣಿಯನ್ನು ನುಂಗಿ ಹಿಂದಕ್ಕೆ ಉಗುಳಿತು. ಅದು ಹೋಗಿ ವೆಂಕಟ್ರಮಣಪ್ಪನ ಎದೆಗೆ ಅಂಟಿತು. ಆತ ಅದನ್ನು ಕಿತ್ತು ಮಡಚಿ ಕೈಗೆ ಕೊಟ್ಟು, ಬಗ್ಗಿ ನೋಡಿ ಕೇಳಿದ: “ಹಿಂದಿನ ಚಕ್ರ ಮಾತ್ರ ದುಡೀತವಲ್ಲ ಸ್ವಾಮಿ, ಮುಂದಿನವು ಇವತ್ತು ರಜಾ ಹಾಕಿದಾವಾ?”

ನೋಡಿದೆ. ಮುಂದಿನ ಚಕ್ರಗಳು ನಿಶ್ಚಲವಾಗಿ, ಧ್ಯಾನಕ್ಕೆ ಕುಳಿತಂತೆ ಇದ್ದವು. “ಅವು ತಿರುವಿಗೆ ಇರೋದು” ಎಂದು ಗಂಭೀರವಾಗಿ ಉತ್ತರಿಸಿದೆ. ಹಾಗೆ ಹೇಳಿದ್ದು ಬಿ.ಕಾಂ. ಪದವೀಧರ!

“ಕಷ್ಟ ಬಂತಲ್ಲೋ, ಇನ್ಯಾವಾಗ?” ಎಂದರು ದೊಡ್ಡಮ್ಮ. “ಎಲ್ಲಾರೂ ಮುಟ್ಟಿ!”

ಮುಟ್ಟಿದೆವು. ನಾನು, ದೊಡ್ಡಮ್ಮ, ಸೀಟಿನ ಹಿಂದಿನಿಂದ ಕೈ ಚಾಚಿ ಮುನಿಯಪ್ಪ, ಮೂವರೂ ಆ ಗಿಡ್ಡ ರಾಡನ್ನು ಬೆರಳ ತುದಿಯಿಂದ ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆವು. ವೆಂಕಟ್ರಮಣಪ್ಪ ಹೊರಗಿನಿಂದಲೇ ಕೈ ಮುಗಿದ. ಮತ್ತೆ ತೊಕ್ಕಿದೆ. ಜೀಪು ಹೊಟ್ಟೆ ಊರಿತು.

ಏರಿಯ ಮೇಲೆ ರಘು ಭಾವ ಕನ್ನಡಕ ತೆಗೆದು, ಒರೆಸಿ, ನಗುತ್ತಾ ಮತ್ತೆ ಹಾಕಿಕೊಂಡದ್ದು ಕಾಣಿಸಿತು. ಕೀಲಿಯನ್ನು ಬೆರಳಲ್ಲಿ ತಿರುಗಿಸುವುದೊಂದು ಬಾಕಿಯಿತ್ತು. ನನ್ನ ಕಣ್ಣ ಮುಂದೆ ಮಾಲೂರಿನ ಹಂಚುಗಳು ಸಾಲು ಸಾಲಾಗಿ ಬಂದು ನಿಂತವು. ಕೊನೆಯ ಪ್ರಯತ್ನವೆಂದು ಕ್ಲಚ್ ಒತ್ತಿ, ಗೇರ್ ಹಾಕಿ, ಹಲ್ಲು ಕಚ್ಚಿದೆ.

ಅದೇ ಹೊತ್ತಿಗೆ ಹಿಂದಿನಿಂದ ಕರಕರ ಶಬ್ದ. ನೋಡಲು ಬಂದಿದ್ದ ಎತ್ತುಗಳಲ್ಲಿ ಒಂದು ಗಣಪತಿಯ ಬುಟ್ಟಿಗೆ ಬಾಯಿ ಹಾಕಿ, ಮಾವಿನೆಲೆ ಮುಗಿಸಿ ಹುಲ್ಲಿಗೆ ಇಳಿದಿತ್ತು!

“ಅಯ್ಯೋ, ದೇವರ ಬುಟ್ಟಿ! ಹೈ! ಹೈ!” ಎಂದು ದೊಡ್ಡಮ್ಮ ಸೀಟಿನಿಂದ ಅರ್ಧ ಎದ್ದು ಹಿಂದಕ್ಕೆ ತಿರುಗಿದರು. ಜೀಪು ಓರೆಯಾಗಿತ್ತು. ಕಾಲು ಜಾರಿತು. ಬೀಳುವವರ ಕೈಗೆ ಸಿಕ್ಕಿದ್ದು ಗಿಡ್ಡ ರಾಡು. ಅರವತ್ತು ವರ್ಷದ ಭಾರವನ್ನೆಲ್ಲ ಅದರ ಮೇಲೆ ಹಾಕಿ ಎಳೆದರು.

ಕಟಕ್!

ಅರಿಶಿನ ದಾರ ಹರಿಯಿತು. ಕೊಂಬು ನನ್ನ ಮೂಗಿಗೆ ಬಡಿಯಿತು. ಗಾಬರಿಯಲ್ಲಿ ನಾನು ಕ್ಲಚ್ ಬಿಟ್ಟೆ. ಮುಂದಿನ ಚಕ್ರಗಳು ಧ್ಯಾನದಿಂದ ಎದ್ದವು. ಎರಡೂ ಕಡೆ ಕೆಸರು ಹಾರಿತು. ಜೀಪು ಒಮ್ಮೆ ನರಳಿ, ಮೂತಿ ಮೇಲೆತ್ತಿ, ಹಳ್ಳದಿಂದ ಹತ್ತಿಬಂತು!

“ತೊಕ್ಕು! ತೊಕ್ಕು!” ಎಂದು ಮುನಿಯಪ್ಪ ಹುಚ್ಚೆದ್ದು ಕೂಗಿದ. ನಾನು ಯಾವುದನ್ನು ತೊಕ್ಕುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಜೀಪು ವೆಂಕಟ್ರಮಣಪ್ಪನ ಸೌತೆ ಬಳ್ಳಿಗಳ ನಡುವೆ ನುಗ್ಗಿ, ಏರಿಯ ಇಳಿಜಾರನ್ನು ಹತ್ತಿ, ದೊಡ್ಡಪ್ಪ ಕೊಡೆ ಬಿಟ್ಟು ಎಡಕ್ಕೂ ಭಾವ ಕನ್ನಡಕ ಬಿಟ್ಟು ಬಲಕ್ಕೂ ಓಡಿದ ಮೇಲೆ, ಆ ಕೊಡೆಯ ಮೇಲೇ ನಿಂತಿತು. ಎಂಜಿನ್ ತಾನಾಗಿಯೇ ಆಫ್ ಆಯಿತು. ಅದೊಂದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತಿತ್ತು.

ಮೂಗು ಹಿಡಿದುಕೊಂಡು ಇಳಿದೆ. “ದೊಡ್ಡಪ್ಪಾ, ಎತ್ತು ಕಟ್ಟಿಲ್ಲ!”

“ಕಟ್ಟಿಲ್ಲ, ಒಪ್ಕೋತೀನಿ” ಎಂದರು ದೊಡ್ಡಪ್ಪ, ಕೊಡೆಯ ಕಡ್ಡಿಗಳನ್ನು ಕೂಡಿಸುತ್ತಾ. “ಆದ್ರೆ ಹೊರಗೆ ಬಂದದ್ದು ಹೇಗೆ?”

ಆಗ ನನ್ನ ಕಣ್ಣು ತೆರೆದಿತ್ತು. ಉತ್ಸಾಹದಿಂದ ವಿವರಿಸತೊಡಗಿದೆ. “ಆ ಗಿಡ್ಡ ರಾಡಿದೆಯಲ್ಲ, ಅದನ್ನ ಎಳೆದ್ರೇನೇ ಮುಂದಿನ ಚಕ್ರಕ್ಕೆ ಶಕ್ತಿ ಬರೋದು! ಇಷ್ಟು ದಿನ ಬರೀ ಎರಡು ಚಕ್ರದಲ್ಲಿ…”

“ನಾನೂ ಅದನ್ನೇ ಅಲ್ವೇನೋ ಮೊದಲ ದಿನದಿಂದ ಹೇಳ್ತಿರೋದು?” ಎಂದು ದೊಡ್ಡಮ್ಮ ನಡುವೆ ಬಾಯಿ ಹಾಕಿದರು. “ಅಲ್ಲಿ ಶಕ್ತಿ ಇದೆ ಅಂತ!”

“ಶಕ್ತಿ ಅಂದ್ರೆ ಆ ಶಕ್ತಿ ಅಲ್ಲ ದೊಡ್ಡಮ್ಮಾ, ಎಂಜಿನ್ನಿಂದ…”

“ನೀನೂ ಮುಟ್ಟಿದೆ, ಮುನಿಯಪ್ಪನೂ ಮುಟ್ಟಿದ. ಬಂತಾ?”

ಬಂದಿರಲಿಲ್ಲ. ಬೆನ್ನಿಗೆ ಕೆಸರು ಮೆತ್ತಿಕೊಂಡು ಹಿಂದೆಯೇ ಬಂದ ವೆಂಕಟ್ರಮಣಪ್ಪನೂ ಸಾಕ್ಷಿ ಹೇಳಿದ: “ಅಮ್ಮಗಾರು ಹಿಡಿದ್ರು, ಗಾಡಿ ಎದ್ದೇ ಬಿಡ್ತು ಸ್ವಾಮಿ. ನನ್ನ ಕಣ್ಣಾರೆ!” ಆತನ ಸೌತೆಗೆ ಪ್ರತಿಯಾಗಿ ಎರಡು ಬುಟ್ಟಿ ಮಾವು ಹೋಯಿತು. ಗಣಪತಿಯ ಬುಟ್ಟಿ ಹೊಸ ಎಲೆ ಕಟ್ಟಿಸಿಕೊಂಡು ಅಂದೇ ಕುರುಡುಮಲೆ ಸೇರಿತು.

ದೊಡ್ಡಪ್ಪ ಯೋಚಿಸಿ ತೀರ್ಪು ಕೊಟ್ಟರು. ಕೀಲಿ ನನಗೆ. ಗಿಡ್ಡ ರಾಡು ದೊಡ್ಡಮ್ಮನಿಗೆ.

ಹಂಚಿನಿಂದ ಪಾರಾದೆ. ಆದರೆ ಆ ಬೇಸಿಗೆ ಪೂರ್ತಿ ಕೆರೆಯಂಗಳಕ್ಕೆ ಇಳಿದಾಗಲೆಲ್ಲ ಕ್ರಮ ಹೀಗಿತ್ತು. ಚಕ್ರ ಹೂತುಹೋಗತೊಡಗಿದ ಕೂಡಲೇ ನಾನು ಕ್ಲಚ್ ಒತ್ತಿ, “ದೊಡ್ಡಮ್ಮಾ, ಕಷ್ಟ ಬಂತು” ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳಬೇಕು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿ, ಕಣ್ಣು ಮುಚ್ಚಿ, ಹೊಸ ಅರಿಶಿನ ಕೊಂಬು ಕಟ್ಟಿದ ರಾಡಿಗೆ ನಮಸ್ಕರಿಸಿ, ಎಳೆಯಬೇಕು. ಅವರು ಮೂರು ದಿನ ತಂಗಿಯ ಮನೆಗೆ ಹೋದಾಗ ತೋಟದ ಕೊಯ್ಲೇ ನಿಂತಿತು! ದಿನಚರಿಯಲ್ಲಿ ‘ಚಾಲಕ’ ಎಂಬ ಅಂಕಣದ ಎದುರು ನನ್ನ ಹೆಸರು ಬರೆಯಲು ಕೈ ಬರಲಿಲ್ಲ. ‘ನಾಗೇಶ, ಸಹಾಯಕ’ ಎಂದು ಬರೆದೆ.

ಮುಂದಿನ ಬೇಸಿಗೆಗೆ ರಘು ಭಾವ ಸ್ಕೂಟರ್ ಮಾರಿ ತಾವೂ ಒಂದು ಜೀಪು ಕೊಂಡರು. ನೇರವಾಗಿ ನಮ್ಮ ಮನೆಗೆ ಬಂದು, ಹೊಸ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು, ತಗ್ಗಿದ ದನಿಯಲ್ಲಿ, “ಕೆರೇಲಿ ಗಾಡಿ ಓಡಿಸೋದು ಸ್ವಲ್ಪ ಹೇಳಿಕೊಡಬೇಕು” ಎಂದರು.

ನಾನು ಶರಟಿನ ಕಾಲರ್ ಸರಿಮಾಡಿಕೊಂಡು ಎದ್ದು ನಿಂತೆ. “ಅದಕ್ಕೇನಂತೆ ಭಾವ, ನಾಳೆ ಬೆಳಿಗ್ಗೆಯೇ ಶುರು ಮಾಡೋಣ.”

“ನೀನು ಕೂತ್ಕೊಳೋ” ಎಂದರು ಭಾವ. “ನಾನು ಅತ್ತೆಯವರನ್ನ ಕೇಳಿದ್ದು.”