ಭಾರ ಇಳಿಸಿದರೆ ಬಿಸಿ ಇಳಿಯುತ್ತೆ

ಟ್ಯಾಂಕರ್ ಭಾವನ ಫಜೀತಿ ಶುರುವಾದದ್ದು ಹೆಂಡತಿಯ ಬಾಯಿಂದ. ವಾರದಿಂದ ಅವರ ಬೀದಿಯ ನಲ್ಲಿಗಳಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಇವತ್ತು ನಮ್ಮ ಯಜಮಾನರು ಟ್ಯಾಂಕರ್ ತುಂಬ ನೀರು ತರ್ತಾರೆ ಎಂದು ಅವಳು ಮನೆಮನೆಗೂ ಸಾರಿಕೊಂಡು ಬಂದಿದ್ದಳು. ಅದು ಅವಳ ತವರುಬೀದಿ ಬೇರೆ. ಅಲ್ಲಿ ಚಿಕ್ಕವರಿಗೆಲ್ಲ ಇವನು ಭಾವ, ದೊಡ್ಡವರಿಗೆಲ್ಲ ಅಳಿಯ. ನೀರು ಬರದಿದ್ದರೆ ಹೋಗುವುದು ಗಂಡ ಹೆಂಡತಿ ಇಬ್ಬರ ಮಾನವೂ.

ಬೆಳಗಿನಿಂದ ಪಂಪ್‌ಹೌಸಿನಲ್ಲಿ ಕಾದು, ಕೊನೆಯವನಾಗಿ ಟ್ಯಾಂಕ್ ತುಂಬಿಸಿಕೊಂಡು ಹೊರಟ. ಅವನ ಬೆನ್ನಿಗೇ ಪಂಪ್‌ಹೌಸಿಗೆ ಬೀಗ ಬಿತ್ತು. ಇನ್ನೇನು ಮನೆ ಬಂತು ಎನ್ನುವಾಗ, ಪಕ್ಕದ ಬೀದಿಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ಏರಿದ್ದು, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ ಅಲ್ಲೇ ಕೂತುಬಿಟ್ಟಿತು.

ಗಾಡಿ ನಿಂತದ್ದೇ ತಡ, ಬೀದಿಯೆಲ್ಲ ಡಾಕ್ಟರಾಯಿತು. ದರ್ಜಿ ಬಂದು ಫ್ಯಾನ್ ಬೆಲ್ಟ್ ಸಡಿಲ ಎಂದ. ಒತ್ತಿ ನೋಡಿದರೆ ಬಿಗಿಯಾಗೇ ಇತ್ತು. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಓಡಿ ಬಂದು ಎಲ್ಲೋ ಸೋರ್ತಿದೆ ಎಂದ. ಕೆಳಗೆ ಒಂದು ಹನಿಯೂ ಇರಲಿಲ್ಲ. ಇಂಜಿನ್ ಆರಲು ಬಿಟ್ಟು ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ತುಂಬಿತ್ತು. ಮತ್ತೆ ಸ್ಟಾರ್ಟ್ ಮಾಡಿದ. ಮುಳ್ಳು ಮತ್ತೆ ಕೆಂಪಿಗೆ.

ಅಷ್ಟರಲ್ಲಿ ಅದೇ ಬೀದಿಯ ಮೆಕ್ಯಾನಿಕ್ ತಾತ ಬಂದರು. ಜೀವಮಾನವೆಲ್ಲ ಲಾರಿ ರಿಪೇರಿ ಮಾಡಿ ನಿವೃತ್ತರಾದವರು. ಗಾಡಿಯ ಮುಂದೆ ಬಗ್ಗಿ ನೋಡಿದರು, ಬಿಂದಿಗೆ ಹಿಡಿದು ಹಿಂದೆ ನಿಂತಿದ್ದ ಹೆಂಗಸರ ಕಡೆಗೂ ಒಮ್ಮೆ ನೋಡಿದರು.

"ಭಾರ ಜಾಸ್ತಿಯಾಗಿದೆ ಕಣಪ್ಪ. ಏರು ಬೇರೆ. ಸ್ವಲ್ಪ ಇಳಿಸಿ ನೋಡೋಣ."

ಭಾರ ಅಂದರೆ ನೀರು. ಭಾವ ಒಲ್ಲೆನೆಂದ. ಇಂಜಿನ್ ಕಾದು ಜಾಮ್ ಆದರೆ ಮಾಲೀಕ ನಿನ್ನ ಸುಮ್ಮನೆ ಬಿಡ್ತಾನಾ ಎಂದು ತಾತ ಕೇಳಿದರು. ಅವನು ಹಿಂದೆ ಹೋಗಿ ಟ್ಯಾಂಕಿನ ನಲ್ಲಿಗೆ ಕೈ ಹಾಕಿದ. ರಸ್ತೆಗೆ ಚೆಲ್ಲಿ ದಂಡ ಮಾಡೋದ್ಯಾಕೆ ಎಂದು ಹೆಂಗಸರು ಬಿಂದಿಗೆ ಒಡ್ಡಿದರು. ಅವರ ಬೀದಿಯ ನಲ್ಲಿಗಳೂ ಒಣಗಿದ್ದವು ಎನ್ನುವುದು ಪಾಪ, ಇವನಿಗೆ ಹೊಳೆಯಲೇ ಇಲ್ಲ.

ಒಂದಷ್ಟು ಇಳಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು ಕೆಂಪಿನಲ್ಲೇ. ಇನ್ನೂ ಸ್ವಲ್ಪ ಇಳಿಸಪ್ಪ ಎಂದರು ತಾತ. ಮತ್ತೆ ಕೆಂಪು, ಮತ್ತೆ ಬಿಂದಿಗೆ. ನಡುವೆ ಹೆಂಡತಿಯ ಫೋನು. ಎಲ್ಲರೂ ಸಾಲಾಗಿ ನಿಂತಿದ್ದಾರೆ, ಚಿಕ್ಕಮ್ಮ ನಿಮ್ಮನ್ನ ಬಾಯ್ತುಂಬ ಹೊಗಳ್ತಿದ್ದಾರೆ ಎಂದಳು. ಭಾವನಿಗೆ ಅಳುವೊಂದೇ ಬಾಕಿ.

ಟ್ಯಾಂಕ್ ಪೂರ್ತಿ ಬರಿದಾದಾಗ ತಾತ ಮತ್ತೊಮ್ಮೆ ಮುಂದೆ ಹೋಗಿ ಬಗ್ಗಿದರು, ಸ್ಟಾರ್ಟ್ ಮಾಡು ಎಂದರು. ಮುಳ್ಳು ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಭಾವ ಕೆಳಗಿಳಿದು ಕೈಮುಗಿದ.

"ದೊಡ್ಡ ಉಪಕಾರ ಆಯ್ತು ತಾತ. ಭಾರವೇ ಕಾರಣ ಅಂತ ನನಗೆ ತಿಳೀಲೇ ಇಲ್ಲ."

ತಾತ ಒಳ್ಳೆಯ ಮನುಷ್ಯರು, ಕೈಮುಗಿದವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದರು. ಅದರಲ್ಲಿ ಒಂದು ಹರಕು ಪ್ಲಾಸ್ಟಿಕ್ ಚೀಲವಿತ್ತು.

"ಭಾರ ಅಲ್ಲಪ್ಪ, ಇದು. ರೇಡಿಯೇಟರಿಗೆ ಅಂಟ್ಕೊಂಡು ಗಾಳಿ ತಡೀತಿತ್ತು. ಬಂದ ತಕ್ಷಣ ನೋಡಿದೆ."

"ಆಗಲೇ ತೆಗೀಬಾರದಿತ್ತಾ ತಾತ?"

"ಹೇಗೆ ತೆಗೀಲಿ? ನಮ್ಮನೆಯವಳ ಬಿಂದಿಗೆ ಸಾಲಿನಲ್ಲಿ ಎಲ್ಲರಿಗಿಂತ ಹಿಂದಿತ್ತು."