ನಿಂತು ಗೆಲ್ಲುವವಳು

ನಮ್ಮ ದೊಡ್ಡಪ್ಪನ ಮಗಳು ಸೈಕಲ್ ಪಂದ್ಯದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಸೈಕಲ್ ತುಳಿದಲ್ಲ, ತುಳಿಯದೆ ನಿಂತು! ನಂಬದಿದ್ದರೆ ಬಿಡಿ. ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ.

ಅವಳದು ಟ್ರ್ಯಾಕ್ ಸ್ಪ್ರಿಂಟ್. ಬಾಣಲೆಯಂತೆ ಅಂಚು ಎತ್ತರಿಸಿದ ಟ್ರ್ಯಾಕು, ಇಬ್ಬರೇ ಸವಾರರು. ಕೊನೆಯ ಸುತ್ತಿನಲ್ಲಿ ಗುಂಡಿನಂತೆ ಹಾರುವ ಇವರು ಮೊದಲ ಸುತ್ತಿನಲ್ಲಿ ಮದುವೆಮನೆಯ ಬೀಗರಂತೆ ‘ನೀವು ಮೊದಲು, ನೀವು ಮೊದಲು’ ಎಂದು ಹಿಂಜರಿಯುತ್ತಾರೆ. ಮುಂದಿರುವವರು ಗಾಳಿ ಸೀಳಬೇಕು. ಹಿಂದಿರುವವರು ಅವರ ಮರೆಯಲ್ಲಿ ಆರಾಮಾಗಿ ಬಂದು ಕೊನೆಗೆ ದಾಟಿದರಾಯಿತು. ಹಾಗಾಗಿ ಒಮ್ಮೊಮ್ಮೆ ಇಬ್ಬರೂ ಕಾಲು ನೆಲಕ್ಕಿಡದೆ, ಸೈಕಲ್ ಮೇಲೆಯೇ ಪ್ರತಿಮೆಗಳಂತೆ ನಿಂತುಬಿಡುತ್ತಾರೆ. ತಾಳ್ಮೆಗೆಟ್ಟವರು ಮುಂದೆ ಹೋಗುತ್ತಾರೆ, ಬಹುಪಾಲು ಸೋಲುತ್ತಾರೆ. ಈ ನಿಲ್ಲುವ ವಿದ್ಯೆಯಲ್ಲಿ ನಮ್ಮಕ್ಕನನ್ನು ಮೀರಿಸಿದವರಿರಲಿಲ್ಲ.

ವಿದ್ಯೆ ಟ್ರ್ಯಾಕಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು! ಲಿಫ್ಟಿರಲಿ, ಊಟದ ಪಂಕ್ತಿಯಿರಲಿ, ಅವಳು ಮೊದಲು ನುಗ್ಗಿದ್ದನ್ನು ಯಾರೂ ಕಂಡಿಲ್ಲ. ಅಲ್ಲಾಳಸಂದ್ರದ ಕೆರೆಯ ಏರಿಯ ಮೇಲೆ ವಾಕಿಂಗ್ ಹೋದರೆ ನಮ್ಮ ದಪ್ಪ ಸೋದರತ್ತೆಯನ್ನೇ ಮುಂದೆ ಬಿಡುತ್ತಾಳೆ.

“ಹಿರಿಯರಿಗೆ ಮರ್ಯಾದೆ ಕೊಡೋದು ಇವಳನ್ನ ನೋಡಿ ಕಲೀರೋ” ಎಂದು ಅತ್ತೆ ನಮ್ಮನ್ನು ಗದರುತ್ತಿದ್ದರು.

“ಮರ್ಯಾದೆ ಅಲ್ಲ ಕಣೋ, ಎದುರುಗಾಳಿ” ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. “ಅತ್ತೆಯಷ್ಟು ಒಳ್ಳೆ ಮರೆ ಇಡೀ ಯಲಹಂಕದಲ್ಲಿ ಸಿಗಲ್ಲ!”

ಹೆಬ್ಬಾಳದ ಸಿಗ್ನಲ್‌ನಲ್ಲೂ ಅವಳು ಕಾಲು ಕೆಳಗಿಡುವುದಿಲ್ಲ. ಒಮ್ಮೆ ಟ್ರಾಫಿಕ್ ಪೊಲೀಸರು ಬಂದು, “ಕಾಲಿಡಮ್ಮಾ ತಾಯಿ, ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ” ಎಂದು ಕೈಮುಗಿದರು. ಪಕ್ಕದ ಆಟೋದವನು, “ಸುಮ್ನಿರಿ ಸಾರ್, ಬೀಳ್ತಾರೋ ಇಲ್ವೋ ನೋಡೋಣ” ಎಂದ. ದೀಪ ಹಸಿರಾಯಿತು. ಅಕ್ಕ ಹೊರಟೇಹೋದಳು. ಬೀಳುತ್ತಾಳೆಂದು ಕಾಯುತ್ತಿದ್ದವರೆಲ್ಲ ಹಿಂದಿನವರ ಹಾರ್ನಿಗೆ ಬೆಚ್ಚಿಬಿದ್ದರು!

ಇಷ್ಟೆಲ್ಲ ಪ್ರೇಕ್ಷಕರಿದ್ದ ಅವಳಿಗೆ ಸಿಗದ ಪ್ರೇಕ್ಷಕರು ಒಬ್ಬರೇ: ಸ್ವಂತ ಅಪ್ಪ. ದೊಡ್ಡಪ್ಪ ಬಾಗಲೂರಿನಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಹೊಲದಲ್ಲಿ ಅಪಾರ್ಟ್‌ಮೆಂಟು ಬೆಳೆಯುತ್ತಾರೆ. ಐದಂತಸ್ತಿನೆತ್ತರದ ಬಿದಿರು ಸಾರುವೆಯ ಮೇಲೆ ಚಪ್ಪಲಿಯಲ್ಲೇ ಓಡಾಡುವ ಧೀರರಿಗೆ ಮಗಳ ಪಂದ್ಯವೆಂದರೆ ನಡುಕ. “ಎಣ್ ಮಗು ಬೀಳೋದ್ನ ಕುರ್ಚಿ ಆಕ್ಕೊಂಡು ನೋಡ್ಬೇಕಾ? ನಿಲ್ಸ್‌ಬುಡು ಮಗಾ ಇದ್ನೆಲ್ಲ” ಎನ್ನುತ್ತಿದ್ದರು. ಪಂದ್ಯದಲ್ಲಿ ಬಿದ್ದು ಅವಳ ಭುಜದ ಮೂಳೆ ಮುರಿದಾಗಲೂ ಆಸ್ಪತ್ರೆಯ ಗೇಟಿನ ಹೊರಗೇ ನಿಂತಿದ್ದರು.

ಅಕ್ಕನಿಗೀಗ ಮೂವತ್ತಾರು. ಮೊಣಕಾಲು ಕೈಕೊಟ್ಟಿದೆ. ಈ ರಾಷ್ಟ್ರೀಯ ಕೂಟವೇ ಕೊನೆಯದು ಎಂದು ಹೇಳಿಬಿಟ್ಟಳು. “ಪದಕ ಬೇಕಾದಷ್ಟಿದೆ ಕಣೋ. ನಾನು ಗೆಲ್ಲೋದನ್ನ ಅಪ್ಪ ಒಂದ್ಸಲ ನೋಡಿದ್ರೆ ಸಾಕು” ಎಂದಳು.

ದೊಡ್ಡಪ್ಪನನ್ನು ಹೇಗೋ ಒಪ್ಪಿಸಿ, ಮುಂಚೆಯೇ ಹೋಗಿದ್ದ ಅಕ್ಕನ ಹಿಂದೆ ಟೆಂಪೋದಲ್ಲಿ ನಾವೆಲ್ಲರೂ ಕೂಟ ನಡೆಯುವ ಪರರಾಜ್ಯಕ್ಕೆ ಹೊರಟೆವು. ದಾರಿಯಲ್ಲಿ ಯಾರದೋ ಕಟ್ಟಡ ಕಂಡು, ಇಳಿದು, ಅವರ ಸಿಮೆಂಟು ಸರಿಯಿಲ್ಲವೆಂದು ಅವರಿಗೇ ಪಾಠ ಹೇಳಿ ದೊಡ್ಡಪ್ಪ ತಡ ಮಾಡಿದರು. ತಲುಪುವ ಹೊತ್ತಿಗೆ ಮೂರು ಓಟಗಳ ಫೈನಲ್‌ನಲ್ಲಿ ಅಕ್ಕನಿಗೊಂದು, ಎದುರಾಳಿ ಹುಡುಗಿಗೊಂದು ಗೆಲುವು ಆಗಿತ್ತು. ಮೂರನೆಯದೇ ನಿರ್ಣಾಯಕ. ಅಕ್ಕ ಗ್ಯಾಲರಿಯಲ್ಲಿ ಅಪ್ಪನನ್ನು ಹುಡುಕಿ, ಕಂಡು, ಹೆಲ್ಮೆಟ್ ಬಿಗಿದಳು.

ಅರ್ಧ ಸುತ್ತು ಹೋಗಿ ನಿಂತಳು. ಹುಡುಗಿಯೂ ಹಿಂದೆಯೇ ನಿಂತಳು. ಇಡೀ ಗ್ಯಾಲರಿ ಉಸಿರು ಹಿಡಿಯಿತು. ನಾವೆಲ್ಲ ಬಲ್ಲ ಈ ವಿದ್ಯೆಯನ್ನು ದೊಡ್ಡಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಅವರು ಎದ್ದು ನಿಂತು, ಕಟ್ಟಡದ ತಳದಿಂದ ತಾರಸಿಗೆ ಕೂಗುವ ಕಂಠದಲ್ಲಿ ಕೂಗಿದರು:

“ಯಾಕವ್ವಾ ನಿಂತ್‌ಬುಟ್ಟೆ? ನೋವಾಯ್ತಾ? ಇಳ್ದು ಬಂದ್ಬುಡು ಮಗಾ!”

ಅಕ್ಕನ ಕತ್ತು ಆ ದನಿಯತ್ತ ತಿರುಗಿತು. ಅಷ್ಟೇ ಸಾಕಿತ್ತು. ಹುಡುಗಿ ಪಕ್ಕದಿಂದ ಸರ್ರನೆ ಹಾರಿದಳು. ಅಕ್ಕ ಅಟ್ಟಿಸಿಕೊಂಡು ಹೋದಳು, ಗೆರೆ ಮುಟ್ಟುವವರೆಗೂ ಅಂತರ ತೀರಲಿಲ್ಲ.

ನಡೆದದ್ದೇನೆಂದು ಪಕ್ಕದವರು ವಿವರಿಸಿದಾಗ ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಟ್ಟಿಲಿಳಿದು ಹೋದರು. ಅಕ್ಕ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಳು. ಅವರೂ ಪಂಚೆ ಮಡಿಚಿ ಎದುರಿಗೆ ಕುಳಿತರು.

“ಇನ್ನೊಂದ್ ವರ್ಸ ಓಡ್ಸು ಮಗಾ. ಬತ್ತೀನಿ. ಬಾಯ್ ಬುಡಲ್ಲ.”

“ಮೊಣಕಾಲು ಆಗಲ್ಲಪ್ಪಾ” ಎಂದಳು ಅಕ್ಕ, ನಗುತ್ತಲೇ.

ದೊಡ್ಡಪ್ಪ ಅವಳ ಎರಡೂ ಕಾಲುಗಳನ್ನು ನೋಡಿದರು.

“ಯಾವ್ ಮೊಣ್ಕಾಲು?” ಎಂದು ಕೇಳಿದರು.

ಅಕ್ಕನ ನಗು ನಿಂತಿತು. ಎಡಗಾಲನ್ನು ಮೆಲ್ಲಗೆ ಅವರ ತೊಡೆಯ ಮೇಲೆ ಚಾಚಿದಳು.