ದೊರೆಯ ಎಡಗಾಲು

ಪಾಪಯ್ಯ ಮೇಷ್ಟ್ರು ಮಗಳ ತಲೆಗೆ ಹರಳೆಣ್ಣೆ ಹಚ್ಚಿ, ಬೈತಲೆ ತೆಗೆದು, ಬಲಗಡೆಯ ಜಡೆಯನ್ನು ಹೇಗೋ ಹೆಣೆದು ಮುಗಿಸಿ, ಎಡಗಡೆಯ ಕೂದಲಿಗೆ ಬಾಚಣಿಗೆ ಹಾಕಿದ್ದರು. ಅಷ್ಟರಲ್ಲಿ ಬೀದಿಯಿಂದ ಕೂಗು ಬಂತು.

"ಮೇಷ್ಟ್ರೇ, ಅಂಗೇ ಎದ್ದು ಬನ್ನಿ! ಪ್ರೆಸಿಡೆಂಟ್ರು ಕರೀತಾವ್ರೆ!"

ಬಾಣಂತಿ ಮನೆ. ಸುವರ್ಣಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಳು. ಬಾಣಂತನಕ್ಕೆಂದು ಬಂದ ಅವಳ ತಾಯಿ ಚಳಿಜ್ವರ ಹಿಡಿದು ತಮ್ಮ ಊರಿಗೆ ಹಿಂದಿರುಗಿದ ಮೇಲೆ ಒಲೆ, ನೀರು, ಕಮಲಿಯ ಜಡೆ ಎಲ್ಲವೂ ಮೇಷ್ಟ್ರ ಪಾಲಿಗೆ ಬಂದಿದ್ದವು. ಅದರ ಮೇಲೆ ಬರೆ ಎಳೆದ ಹಾಗೆ ವರ್ಗದ ಆರ್ಡರು. ನಾಳೆ ಬೆಳಗಿನ ಇದ್ದಿಲು ಬಸ್ಸಿಗೆ ಚನ್ನರಾಯಪಟ್ಟಣ ಬಿಟ್ಟು, ಅರಕಲಗೂಡಿನ ಆಚೆ ಮಲ್ಲಿಪಟ್ಟಣದ ಸ್ಕೂಲಿಗೆ ಹೋಗಿ ಹಾಜರಾಗಬೇಕು. ಹಸಿ ಬಾಣಂತಿಯನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು? ಆರ್ಡರು ಅದನ್ನೆಲ್ಲ ವಿಚಾರಿಸುವುದಿಲ್ಲ.

ಆರ್ಡರನ್ನು ತಿರುಗಿಸಬಲ್ಲವರು ಊರಿಗೆಲ್ಲ ಒಬ್ಬರೇ, ಪುರಸಭೆಯ ಪ್ರೆಸಿಡೆಂಟ್ ದೊಡ್ಡಯ್ಯನವರು. ತೆಂಗಿನಕಾಯಿ ಮಂಡಿಯ ಯಜಮಾನರು. ಇವತ್ತು, ಭಾನುವಾರ, ಸಕಲೇಶಪುರದ ಕಡೆಯ ಕಾಫಿ ಕಂಪನಿಯ ಪಾರ್ಕರ್ ದೊರೆ ಹೆಂಡತಿಯೊಡನೆ ಅವರ ಅತಿಥಿಯಾಗಿ ಬರುವವರಿದ್ದರು. ದೊರೆಗೂ ಹಾಸನದ ಸ್ಕೂಲು ಸಾಹೇಬರಿಗೂ ಒಟ್ಟಿಗೆ ಕೂತು ಚಹಾ ಕುಡಿಯುವಷ್ಟು ಸಲಿಗೆ.

"ದೊರೆ ಒಸಿ ಖುಷಿಯಾಗ್ಲಿ, ಕಿವಿಗೊಂದ್ ಮಾತು ಆಕ್ತೀನಿ. ನಿಮ್ ಆರ್ಡರು ಕೆರೆಗ್ ಬಿದ್ದಂಗೇ ಅನ್ಕಳಿ" ಎಂದು ದೊಡ್ಡಯ್ಯ ನಿನ್ನೆಯೇ ಅಭಯ ಕೊಟ್ಟಿದ್ದರು.

"ಹೋಗಿ ಬನ್ನಿ" ಅಂದಳು ಸುವರ್ಣಮ್ಮ ಒಳಗಿನಿಂದ. "ಆ ಮಗೂದು ಇನ್ನೊಂದು ಜಡೆ?"

"ಬಂದು ಹಾಕ್ತೀನಿ ಕಣೆ."

ಕಮಲಿ ಒಂದು ಕಡೆ ಬಿಗಿಯಾದ ಜಡೆ, ಇನ್ನೊಂದು ಕಡೆ ಪೊರಕೆಯಂತೆ ಕೆದರಿದ ಕೂದಲು ಹೊತ್ತು ಅಪ್ಪನ ಪಂಚೆ ಹಿಡಿದು ಹೊರಟಳು.

ಮಂಡಿಯ ಮುಂದೆ ಕಂಪನಿಯ ಲಾರಿ ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದಾಗ ದೊರೆ ಕೊಂಡಿದ್ದ ಮೋಟಾರು ದೋಣಿಯೊಂದು ಆಗಲೇ ಕೆರೆಗೆ ಇಳಿದಿತ್ತಂತೆ. ಡ್ರೈವರ್ ಚಂದ್ರಯ್ಯ ಲಾರಿಯಿಂದ ಎರಡು ಹಲಗೆಗಳನ್ನು ಇಳಿಸಿ ಗೋಡೆಗೆ ಒರಗಿಸಿದ್ದ. ಒಂದು ಉದ್ದ, ಇನ್ನೊಂದು ಗಿಡ್ಡ. ಎರಡರ ಮೂತಿಯೂ ಮೇಲಕ್ಕೆ ಬಾಗಿತ್ತು. ಅಡಿಯಲ್ಲಿ ಹಿಂದುಗಡೆ ಮೀನಿನ ರೆಕ್ಕೆಯಂಥ ಒಂದು ತಗಡು.

"ಈಳಿಗೆಮಣೇನ ಬೋರಲಾಕ್ದಂಗದಲ್ಲಯ್ಯ!" ಎಂದರು ದೊಡ್ಡಯ್ಯ.

"ನೀರ್ ಮ್ಯಾಲೆ ಜಾರೋ ಹಲಗೆ ಸಾ" ಎಂದ ಚಂದ್ರಯ್ಯ. "ದೋಣಿಗೆ ಹಗ್ಗ ಕಟ್ಟಿರ್ತದೆ. ಹಗ್ಗ ಹಿಡ್ಕಂಡು ಇದ್ರ ಮ್ಯಾಲೆ ನಿಂತ್ರೆ ದೋಣಿ ಎಳ್ಕಂಡೋಯ್ತದೆ. ಆ ತಗಡು ಅತ್ತಾಗ್ ಇತ್ತಾಗ್ ತಿರುಗಾಕೆ."

"ಒಂದೊಂದ್ ಕಾಲ್ಗೆ ಒಂದೊಂದಾ?"

"ಇಲ್ಲ ಸಾ, ಎರಡ್ ಕಾಲೂ ಒಂದೇ ಹಲಗೆ ಮ್ಯಾಲೆ, ಒಂದ್ರಿಂದೆ ಒಂದು. ಇವು ಎರಡೂ ಹೊಸವು, ಹಡಗ್ನಾಗೆ ಬಂದವೆ. ಇವತ್ತಿಗೆ ಯಾವ್ದು ಸರಿ ಅಂತ ಆರಿಸ್ಬೇಕು. ತೂಕದೋರಿಗೆ ಉದ್ದದ್ದು, ಹಗೂರದೋರಿಗೆ ಗಿಡ್ಡದ್ದು. ಈ ಚೀಲದಲ್ಲಿ ಹಳೇ ರಬ್ಬರ್ ಬೂಟವೆ. ಮುಂದಕ್ಕೆ ಎಡಗಾಲೋ ಬಲಗಾಲೋ ನೋಡ್ಕಂಡು ಸ್ಕ್ರೂ ಬಿಗೀಬೇಕು. ನಮ್ ಬಟ್ಲರ್ ಜ್ವರ ಬಂದು ಮಲಗವ್ನೆ. ಪ್ರೆಸಿಡೆಂಟ್ರಿಗೆ ಹೇಳಿ ಸಿದ್ಧ ಮಾಡ್ಸಿಡು ಅಂದ್ರು ದೊರೆ."

"ಯಾವ ಕಾಲು ಅಂತ ಹೇಗಪ್ಪ ನೋಡೋದು?" ಎಂದರು ಮೇಷ್ಟ್ರು.

"ಇಂದ್ಗಡೆಯಿಂದ ಮೆತ್ತಗೆ ತಳ್ಳಬೇಕಂತೆ ಸಾ, ಗೊತ್ತಾಗದಂಗೆ. ಬೀಳದಂಗೆ ಯಾವ ಕಾಲ್ ಮುಂದಕ್ಕಾಕ್ತಾರೋ ಅದೇ ಮುಂದಿನ ಕಾಲು." ಇಷ್ಟು ಹೇಳಿ ಚಂದ್ರಯ್ಯ ಬೀಡಿ ಹಚ್ಚಿಕೊಂಡು ಲಾರಿ ಹತ್ತಿ ಹೋದ.

ದೊಡ್ಡಯ್ಯ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದರು. "ಮಕ್ಕಳಿಗೆ ಮರಗೆಲ್ಸ, ಕಾಗದದ್ ಕೆಲ್ಸ ಎಲ್ಲ ಕಲಿಸೋರು ನೀವೇ. ನೀವೇ ಮಾಡ್ಬುಡಿ."

"ದೊರೆಯವರು ಬಂದ ಮೇಲೆ ಅವರನ್ನೇ ಒಂದು ಮಾತು ಕೇಳಿದರೆ..."

"ದೊರೇನ ಕೇಳಾದಾ!" ದೊಡ್ಡಯ್ಯನವರ ಕಣ್ಣು ಕೊಬ್ಬರಿ ಗಿಟುಕಿನಷ್ಟಾಯಿತು. "ಕೇಳಾದು ಅಂದ್ರೆ ನಮ್ಗೆ ಬರಾಕಿಲ್ಲ ಅಂದಂಗೆ ಕಣ್ರೀ. ಊರ್ ಮಾನ ಏನಾಗ್ಬೇಕು? ನಿಮ್ಗೆ ಮಲ್ಲಿಪಟ್ಟಣಕ್ ಓಗಾಕೆ ಆಸೆ ಇದ್ರೆ ಕೇಳಿ."

ಮೇಷ್ಟ್ರು ಹಲಗೆಯ ಮುಂದೆ ಕೂತರು.

ಕಮಲಿ ಅಷ್ಟರಲ್ಲಿ ಚೀಲದ ಹತ್ತಿರ ಕುಕ್ಕರಗಾಲಲ್ಲಿ ಕೂತು ರಬ್ಬರ್ ಬೂಟಿನೊಳಗೆ ಮೊಣಕೈವರೆಗೂ ಕೈ ತೂರಿಸಿ ಏನನ್ನೋ ಎಳೆದು ಮುಷ್ಟಿಯಲ್ಲಿ ಹಿಡಿದಿದ್ದಳು. "ಅಪ್ಪಾ, ಇದು..."

"ಮುಟ್ಟಬೇಡ! ದೊರೆ ಸಾಮಾನು. ಆ ಕಡೆ ಕೂತ್ಕೋ."

ಇಷ್ಟರಲ್ಲಿ ದೊಡ್ಡಯ್ಯನ ಅಕ್ಕ ಬಸವಲಿಂಗಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದೇಬಿಟ್ಟಳು. ಊರಿಗೆ ಹೊಸ ಸೈಕಲ್ಲು ಬಂದರೂ ಅವಳ ಬೊಟ್ಟಿಲ್ಲದೆ ಅದು ಉರುಳುತ್ತಿರಲಿಲ್ಲ. ಹಲಗೆಗಳ ನೆತ್ತಿಗೆ ಬೊಟ್ಟಿಟ್ಟು ವಿಷಯ ತಿಳಿದುಕೊಂಡಳು.

"ಇದ್ರಲ್ಲಿ ತಿಳ್ಕಳಾದೇನದೆ ಮೇಷ್ಟ್ರೇ? ಬಲಗಾಲೇ ಮುಂದೆ. ಎಡಗಾಲ್ ಮುಂದಿಟ್ಟು ನೀರಿಗಿಳಿದೋರು ಉಂಟಾ? ನಮ್ ಚಿಕ್ಕಪ್ಪನ್ ಸೊಸೆ ಎಡಗಾಲಿಟ್ಟು ಒಳಿಕ್ ಬಂದ್ಲು. ಆ ವಾರವೇ ಕರೆಯೋ ಎಮ್ಮೆ ಬತ್ತೋಯ್ತು."

ಮೇಷ್ಟ್ರು ಎಮ್ಮೆಗೆ ಅಂಜಿ ಬಲಗಾಲಿನ ಬೂಟನ್ನೇ ಮುಂದೆ ಮಾಡಿ ಉದ್ದದ ಹಲಗೆಗೆ ಸ್ಕ್ರೂ ಬಿಗಿದರು. ಆದರೆ ಚಂದ್ರಯ್ಯನ ಮಾತು ತಲೆಯೊಳಗೆ ಗುಂಗಿಹುಳದ ಹಾಗೆ ಕೊರೆಯುತ್ತಿತ್ತು. ತೂಕ ನೋಡದೆ, ಕಾಲು ನೋಡದೆ ಬಿಗಿದರೆ ದೊರೆ ಬೀಳುತ್ತಾರೆ. ದೊರೆ ಬಿದ್ದರೆ ತಾನು ಮಲ್ಲಿಪಟ್ಟಣದಲ್ಲಿ ಬೀಳಬೇಕು.

"ಕೇಳೋದು ಬೇಡ, ಸರಿ" ಎಂದರು ದೊಡ್ಡಯ್ಯನಿಗೆ. "ತೂಗೋದು? ನಿಮ್ಮ ಮಂಡಿಯಲ್ಲಿ ದೊಡ್ಡ ತಕ್ಕಡಿ ಇದೆಯಲ್ಲ. ಊರಿನ ಮರ್ಯಾದೆ ಅಂತ ದೊರೆಗೊಂದು ತುಲಾಭಾರ ಮಾಡಿಬಿಡಿ."

ದೊಡ್ಡಯ್ಯ ಮೇಷ್ಟ್ರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಮಧ್ಯಾಹ್ನದ ಹೊತ್ತಿಗೆ ಅದು ಅವರದೇ ಯೋಚನೆಯಾಗಿ ಊರೆಲ್ಲ ಹಬ್ಬಿತ್ತು.

ದೊರೆ ಬಂದರು. ಕಾರಿನ ಬಾಗಿಲಿನಿಂದ ಓರೆಯಾಗಿ ಇಳಿಯಬೇಕಾದಂಥ ಆಳು. ಟೋಪಿ ತೆಗೆದರೆ ತಲೆ ತೊಳೆದಿಟ್ಟ ತಾಮ್ರದ ಚೊಂಬು. ಅವರ ಹಿಂದೆ ಕಡ್ಡಿಯಂಥ ದೊರೆಸಾನಿ, ಉದ್ದನೆಯ ಕೋಟು ತೊಟ್ಟು, ಎಲ್ಲದಕ್ಕೂ ನಗುತ್ತ. ದೊರೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ತೆಂಗಿನಕಾಯಿ ಸುರಿದರು. ಸುರಿದೇ ಸುರಿದರು. ಮಂಡಿಯ ರಾಶಿ ಕರಗಿತೇ ಹೊರತು ದೊರೆ ಮೇಲೇಳಲಿಲ್ಲ. ಕೊನೆಗೆ ಎದ್ದಾಗ ಮೇಷ್ಟ್ರಿಗೆ ಸಮಾಧಾನವಾಯಿತು. ಉದ್ದದ ಹಲಗೆಯೇ ಸರಿ, ಅನುಮಾನವಿಲ್ಲ.

ದೊರೆಸಾನಿ ಚಪ್ಪಾಳೆ ತಟ್ಟಿ, ತಾನೂ ಕೂರುತ್ತೇನೆಂದು ತಟ್ಟೆಯ ಕಡೆ ಬೆರಳು ತೋರಿಸಿದಳು.

"ಅಮ್ಮಾವ್ರನ್ನೂ ಕೂರಿಸ್ಲಾ?" ಎಂದ ಮಂಡಿಯ ಆಳು.

"ಬ್ಯಾಡ ಬುಡ್ಲಾ, ಕಾಯಿ ಕಟ್ಟಾಕು" ಎಂದು ದೊಡ್ಡಯ್ಯ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. "ಅವ್ರ್ ತೂಕ ಯಾವನಿಗ್ ಬೇಕು?"

ಇನ್ನು ಕಾಲಿನ ಪರೀಕ್ಷೆ. ಮೆಟ್ಟಿಲ ಮೇಲೆ ಹಾರ ಹಾಕುವಾಗ ಮೇಷ್ಟ್ರು ಜನರ ನಡುವೆ ತೂರಿ ದೊರೆಯ ಬೆನ್ನ ಹಿಂದೆ ನಿಂತರು. ಎದುರಿಗೆ ಬಸವಲಿಂಗಮ್ಮ ಆರತಿ ತಟ್ಟೆ ಎತ್ತುತ್ತಿದ್ದಳು. ಮೇಷ್ಟ್ರು ಮನೆದೇವರನ್ನು ನೆನೆದು ಕೈ ಚಾಚಿದರು. ಅದೇ ಗಳಿಗೆಗೆ ದೊರೆ ಹಾರಕ್ಕೆ ಕತ್ತು ಬಗ್ಗಿಸಿ ಪಕ್ಕಕ್ಕೆ ಸರಿಯಬೇಕೇ! ತಳ್ಳಿದ್ದು ಪಕ್ಕದಲ್ಲಿ ಹಾರ ಹಿಡಿದಿದ್ದ ದೊಡ್ಡಯ್ಯನವರ ಬೆನ್ನಿಗೆ ಬಿತ್ತು. ಅವರು ಮುಗ್ಗರಿಸಿ ತಾವು ಹಾಕಬೇಕಾದ ಹಾರದೊಳಗೆ ತಾವೇ ತಲೆ ತೂರಿಸಿಕೊಂಡರು.

"ಯಾವನ್ಲಾ ಅದು!"

ಹಿಂದೆ ತಿರುಗುವಷ್ಟರಲ್ಲಿ ಮೇಷ್ಟ್ರು ಮತ್ತೊಮ್ಮೆ ತಳ್ಳಿದರು. ಈ ಸಲ ಗುರಿ ತಪ್ಪಲಿಲ್ಲ. ಬಸವಲಿಂಗಮ್ಮ ಬೆಚ್ಚಿ ಕೆಳಗಿಟ್ಟಿದ್ದ ಆರತಿ ತಟ್ಟೆಗೆ ದೊರೆಯ ಕಾಲು ಧಡಾರನೆ ಇಳಿಯಿತು. ಕೆಂಪು ನೀರು ಎಲ್ಲರ ಬಿಳಿ ಪಂಚೆಗೂ ಹಾರಿತು.

ಎಡಗಾಲು!

"ಜನ ಸಾ, ಜನ! ನಿಮ್ ಮ್ಯಾಲಿನ್ ಪ್ರೀತಿ!" ಎಂದು ದೊಡ್ಡಯ್ಯ ಕೈ ಮುಗಿದರು. ಮೆಟ್ಟಿಲ ಮೇಲೆ ಮೂಡಿದ ಕೆಂಪು ಬೂಟಿನ ಗುರುತನ್ನು ಮೇಷ್ಟ್ರು ಗೇಣಿನಲ್ಲಿ ಅಳೆದರು. ಈ ಕಾಲಿಗೆ ಆ ರಬ್ಬರು? ಆನೆಗೆ ಮಗುವಿನ ಕುಲಾವಿ ಹಾಕಿದಂತೆ!

ಊಟದ ಎಲೆ ಹಾಕಿ ಎಲ್ಲರೂ ಒಳಗಿರುವಾಗ ಮೇಷ್ಟ್ರು ಹಲಗೆಯನ್ನು ಗೋಣಿಚೀಲಗಳ ಮರೆಗೆ ಎಳೆದುಕೊಂಡು ಸ್ಕ್ರೂ ಬಿಚ್ಚಿ ಎಡಗಾಲಿನ ಬೂಟನ್ನು ಮುಂದೆ ಮಾಡಿದರು. ಚಾಕು ತೆಗೆದು ರಬ್ಬರಿನ ಬಾಯನ್ನು ಎರಡು ಕಡೆಯೂ ಸೀಳಿ ಅಗಲ ಮಾಡಿದರು.

"ಅಪ್ಪಾ, ಒಂದು ಮಾತು ಕೇಳ್ಲಾ?" ಕಮಲಿ ಮುಷ್ಟಿ ಹಿಡಿದುಕೊಂಡೇ ಬಂದಳು.

"ಜಡೆ ಆಮೇಲೆ ಹಾಕ್ತೀನಿ ಅಂದೆನಲ್ಲಮ್ಮ."

"ಜಡೆ ಅಲ್ಲಪ್ಪ, ಆ ಬೂಟು..."

"ಶ್! ನಾಳೆ ಅಪ್ಪ ನಿಮ್ಮ ಹತ್ತಿರವೇ ಇರಬೇಕೋ ಬೇಡವೋ? ಹಾಗಾದರೆ ಸುಮ್ಮನಿರು."

ಕಮಲಿ ಸುಮ್ಮನಾದಳು. ಆದರೆ ಬಸವಲಿಂಗಮ್ಮ ಸುಮ್ಮನಾಗುವ ಪೈಕಿಯಲ್ಲ. ಗೋಣಿಚೀಲದ ಹಿಂದಿನಿಂದಲೇ ಅವಳ ದನಿ ಕೇಳಿಸಿತು.

"ಎಡಗಾಲ್ ಮುಂದೆ ಮಾಡ್ಬುಟ್ರಾ ಮೇಷ್ಟ್ರೇ? ಕೆಟ್ಟೋಯ್ತು ಬುಡಿ."

"ಇದು ಶಾಸ್ತ್ರ ಅಲ್ಲಮ್ಮ, ವಿಜ್ಞಾನ" ಎಂದರು ಮೇಷ್ಟ್ರು, ಆ ದಿನದಲ್ಲಿ ಮೊದಲ ಬಾರಿಗೆ ಎದೆ ಸೆಟೆಸಿ.

ಬಿಸಿಲು ಇಳಿಯುವ ಹೊತ್ತಿಗೆ ಕೆರೆ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಸೀಮೆಎಣ್ಣೆಯ ಸಾಲಿನಲ್ಲಿ ನಿಂತವರು ಡಬ್ಬಗಳ ಸಮೇತ ಬಂದಿದ್ದರು. ಮೆಟ್ಟಿಲ ಮೇಲೆ ಹಲಗೆ ಬೊಟ್ಟಿಟ್ಟುಕೊಂಡು ಮದುಮಗನಂತೆ ಕಾದಿತ್ತು. ದೊಡ್ಡಯ್ಯ ದೊರೆಯ ಕಿವಿಯ ಬಳಿ, "ಎಲ್ಲಾ ನಾನೇ ಮುಂದ್ ನಿಂತು ಮಾಡ್ಸಿದ್ದು ಸಾ" ಎನ್ನುತ್ತಿದ್ದರು. ಮೇಷ್ಟ್ರು ಅದಕ್ಕೂ ಬೇಸರಪಡಲಿಲ್ಲ. ಯಾರ ಹೆಸರಾದರೂ ಆಗಲಿ, ನಾಳೆಯ ಬಸ್ಸು ತಪ್ಪಿದರೆ ಸಾಕು.

ದೊರೆ ಮೆಟ್ಟಿಲು ಇಳಿದರು. ಹಲಗೆಯ ಕಡೆ ಕತ್ತು ಹೊರಳಿಸಲೂ ಇಲ್ಲ. ನೇರವಾಗಿ ಹೋಗಿ ದೋಣಿಯಲ್ಲಿ ಕೂತು ಚಕ್ರ ಹಿಡಿದರು.

ದೊರೆಸಾನಿ ಕೋಟು ಕಳಚಿದಳು.

ಏರಿಯ ಮೇಲಿದ್ದ ಗಂಡಸರೆಲ್ಲ ಒಟ್ಟಿಗೆ ಆಕಾಶ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕೆಳಗೆ ನೋಡಿದರು. ಬಸವಲಿಂಗಮ್ಮ ಸೆರಗನ್ನು ಕಣ್ಣಿಗೆ ಮುಚ್ಚಿಕೊಂಡು ಅದರ ಅಂಚಿನಿಂದ ನೋಡಿದಳು. ಪಾಪಯ್ಯ ಮೇಷ್ಟ್ರಿಗೆ ಬೇರೇನೂ ಕಾಣಲಿಲ್ಲ. ನೀರಿಗಿಳಿದ ಆ ಹೆಂಗಸು ಹಗ್ಗ ಹಿಡಿದು, ಹಲಗೆಗೆ ಮೊದಲು ಬಲಗಾಲು ಚಾಚಿ, ಅಲ್ಲಿ ಎಡಗಾಲಿನ ಬೂಟು ಕಂಡು ತಡೆದದ್ದು ಮಾತ್ರ ಕಂಡಿತು. ಅವಳು ಏನೋ ಕೂಗಿದಳು. ಇಂಜಿನ್ನಿನ ಸದ್ದಿನಲ್ಲಿ ದೊರೆಗೆ ಅದು "ಆಯ್ತು" ಎಂದು ಕೇಳಿಸಿರಬೇಕು. ದೋಣಿ ಹಾರಿತು.

ಉದ್ದದ ಹಲಗೆಗೆ ಅವಳ ಭಾರ ಲೆಕ್ಕಕ್ಕೇ ಬರಲಿಲ್ಲ. ಹಿಂದೆ ಹೇರು ಹೆಚ್ಚಾದ ಗಾಡಿಯ ಮೂಕಿಯ ಹಾಗೆ ಮೂತಿ ಮೇಲೆದ್ದಿತು. ಸೀಳಿದ ರಬ್ಬರಿನಿಂದ ಕಾಲು ಸರಕ್ಕನೆ ಕಳಚಿತು. ಹಲಗೆ ಒಂದು ದಿಕ್ಕಿಗೆ, ದೊರೆಸಾನಿ ಒಂದು ದಿಕ್ಕಿಗೆ. ಬುಡುಂಗೆಂದು ಮುಳುಗಿ ಎದ್ದಾಗ ಅವಳ ಬಂಗಾರದ ಬಣ್ಣದ ತಲೆಗೆ ಪಾಚಿಯ ಮುಸುಕು ಬಿದ್ದಿತ್ತು.

"ನಾನ್ ಬಡ್ಕಂಡೆ, ಬಲಗಾಲು ಬಲಗಾಲು ಅಂತ!" ಬಸವಲಿಂಗಮ್ಮನ ದನಿ ಏರಿಯ ಆ ತುದಿಗೂ ಮುಟ್ಟಿತು. ಅದು ನಿಜವೂ ಆಗಿದ್ದರಿಂದ ಮೇಷ್ಟ್ರಿಗೆ ಇನ್ನಷ್ಟು ಉರಿಯಿತು.

ಹೆಂಡತಿಗೆ ಕೋಟು ಹೊದಿಸಿ ದೊರೆ ಮೆಟ್ಟಿಲು ಹತ್ತಿದರು. ಕೈಯಲ್ಲಿ ಸೀಳಿದ ರಬ್ಬರು.

"ಯಾರು ಮಾಡಿದ್ದು ಈ ಕೆಲಸ?" ಎಂದರು ಒಡಕು ಕನ್ನಡದಲ್ಲಿ.

ದಿನವೆಲ್ಲ ತಮ್ಮ ಎದೆಯ ಮೇಲಿದ್ದ ದೊಡ್ಡಯ್ಯನವರ ಕೈ ಕವಲುದಾರಿಯ ಕೈಮರದಂತೆ ಮೇಷ್ಟ್ರ ಕಡೆ ಚಾಚಿತು.

"ಈ ಮನುಷ್ಯ ಈ ಊರಲ್ಲಿ ಇರಬಾರದು" ಎಂದರು ದೊರೆ.

"ನಾಳೇಗೇ ಇರಾಕಿಲ್ಲ ಸಾ!" ಗಾಬರಿಯಲ್ಲಿ ದೊಡ್ಡಯ್ಯನ ನಾಲಗೆಗೆ ಲಗಾಮು ತಪ್ಪಿತು. "ಮಲ್ಲಿಪಟ್ಟಣಕ್ಕೆ ಆರ್ಡರಾಗದೆ. ನಾನೇ ಹಾಸನಕ್ಕೋಗಿ ಸಾಹೇಬ್ರಿಗೇಳಿ ಮಾಡ್ಸಿದ್ದು! ಇವ್ರ್ ಜಾಗಕ್ಕೆ ನಮ್ ಭಾಮೈದ ಬತ್ತಾವ್ನೆ, ಬಾಳ ಬುದ್ಧಿವಂತ..."

ದೊಡ್ಡಯ್ಯ ಮೇಷ್ಟ್ರ ಮುಖ ನೋಡಲಿಲ್ಲ. "ತುಲಾಭಾರದ್ ಕಾಯಿ ಕಾರಿಗ್ ತುಂಬುದ್ರೇನ್ಲಾ?" ಎಂದು ಆಳನ್ನು ಕೂಗುತ್ತ, ಯಾರೋ ಕರೆದವರಂತೆ ಅವಸರದಿಂದ ಹೋದರು.

ಏರಿ ಖಾಲಿಯಾಯಿತು. ಮೇಷ್ಟ್ರು ಕಲ್ಲಿನ ಮೇಲೆ ಕೂತರು. ಸುವರ್ಣಮ್ಮನಿಗೆ ಏನು ಹೇಳುವುದು? ನಾಳೆ ಅವಳ ಮೈಗೆ ಬಿಸಿನೀರು ಹೊಯ್ಯುವವರು ಯಾರು? ಒಲೆಗೆ ಸೌದೆ ಒಡೆದಿಟ್ಟಾದರೂ ಹೋಗಬೇಕು. ಅಷ್ಟರಲ್ಲಿ ಮಗಳು ಬಂದು ಮೊಣಕಾಲಿಗೆ ಒರಗಿದಳು. ಅವಳನ್ನು ಮುಂದೆ ಕೂರಿಸಿಕೊಂಡು ಕೆದರಿದ ಎಡಗಡೆಯ ಕೂದಲನ್ನು ಮೂರು ಕಾಲು ಮಾಡಿ ಹೆಣೆಯತೊಡಗಿದರು. ಹೆಣಿಗೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

"ಅಪ್ಪಾ, ಈಗ ಕೇಳ್ಲಾ?"

"ಕೇಳಮ್ಮ. ಇನ್ನು ಕೇಳಬೇಡ ಅನ್ನೋಕೆ ಏನೂ ಉಳಿದಿಲ್ಲ."

ಕಮಲಿ ಬೆಳಗಿನಿಂದ ಬಿಗಿಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದಳು. ಬೆವರಿದ ಅಂಗೈಯಲ್ಲಿ ತಲೆಗೆ ಸಿಗಿಸುವ ಒಂದು ಪಿನ್ನು. ಅದಕ್ಕೆ ಸುತ್ತಿಕೊಂಡಿದ್ದ ಬಂಗಾರದ ಬಣ್ಣದ ಉದ್ದನೆಯ ಕೂದಲೊಂದು ಸಂಜೆಯ ಬಿಸಿಲಿಗೆ ಹೊಳೆಯಿತು.

"ಆ ರಬ್ಬರ್ ಬೂಟಿನೊಳಗೆ ಸಿಕ್ತು. ದೊರೆ ತಲೇಲಿ ಒಂದೇ ಒಂದು ಕೂದಲೂ ಇಲ್ವಲ್ಲಪ್ಪ, ಅವರು ಪಿನ್ನು ಎಲ್ಲಿಗೆ ಸಿಗಿಸ್ಕೋತಾರೆ?"